ಒಂದು ಸ್ಟೂಲು, ಎರಡು ಎತ್ತರ

ಪಿಯಾನೊ ಕಲಿಯತೊಡಗಿ ಮೂರು ತಿಂಗಳಾಗುವಷ್ಟರಲ್ಲಿ ನನ್ನ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಹತ್ತು ನಿಮಿಷ ಸ್ಕೇಲ್, ಅಂದರೆ ಸ್ವರಗಳನ್ನು ಸಾಲಾಗಿ ಏರಿಸಿ ಇಳಿಸುವ ಪಾಠ, ನುಡಿಸಿದರೆ ಸಾಕು, ಮಣಿಕಟ್ಟಿನ ಮೇಲೆ ಸಣ್ಣಗೆ ಉರಿ. ರಾತ್ರಿ ಮಲಗುವ ಹೊತ್ತಿಗೆ ಮೊಣಕೈವರೆಗೂ ಸೆಳೆತ. ಈ ವಯಸ್ಸಿಗೆ ಕಲಿಯಲು ಹೊರಟರೆ ಬೆರಳು ಪಳಗುವತನಕ ಇದೆಲ್ಲ ಇದ್ದದ್ದೇ ಎಂದುಕೊಂಡು ಸುಮ್ಮನಿದ್ದೆ. ಮಗಳಿಗೆ ಒಂಬತ್ತು ವರ್ಷ, ಅವಳೂ ನನ್ನ ಜೊತೆಗೇ ಕಲಿಯುತ್ತಿದ್ದಳು. ಅವಳಿಗೆ ಕೈ ನೋವಿರಲಿಲ್ಲ. ಆದರೆ ಕಾಲು ಗಂಟೆಗೊಮ್ಮೆ ಎದ್ದು ಓಡುತ್ತಿದ್ದಳು. ಅದು ಹಟ ಅಂತ ಗದರಿದ್ದೂ ಉಂಟು.

ಒಂದು ದಿನ ಟೀಚರ್ ನಮ್ಮ ಮನೆಗೇ ಬಂದರು. ನಾನು ನುಡಿಸುವುದನ್ನು ಒಂದೆರಡು ನಿಮಿಷ ಕೇಳಿದವರು, "ಮನೇಲಿ ಅಳತೆ ಟೇಪ್ ಇದೆಯಾ?" ಎಂದರು. ನಾನು ಕೂತಿದ್ದದ್ದು ಊಟದ ಮೇಜಿನ ಕುರ್ಚಿ. ನೆಲದಿಂದ ಕುರ್ಚಿಯ ಹಲಗೆಗೆ 45 ಸೆಂಟಿಮೀಟರ್. ನೆಲದಿಂದ ಬಿಳಿ ಕೀಗಳ ಮೇಲ್ಮೈಗೆ 73. ಆಮೇಲೆ ನನ್ನನ್ನು ನೆಟ್ಟಗೆ ಕೂರಿಸಿ, ತೋಳು ಸಡಿಲವಾಗಿ ಇಳಿಬಿಡಲು ಹೇಳಿ, ಆಸನದಿಂದ ಮೊಣಕೈಗೆ ಅಳೆದರು. 24 ಬಂತು.

"45ಕ್ಕೆ 24 ಸೇರಿಸಿ. 69. ನಿಮ್ಮ ಮೊಣಕೈ ಕೀಗಳಿಗಿಂತ ನಾಲ್ಕು ಸೆಂಟಿಮೀಟರ್ ಕೆಳಗಿದೆ. ಅಷ್ಟನ್ನೂ ಮಣಿಕಟ್ಟು ಬಗ್ಗಿ ತುಂಬಿಕೊಡ್ತಾ ಇದೆ, ಮತ್ತೆ ನೋಯದೆ ಇರುತ್ತಾ?"

ಮಗಳದು ಇನ್ನೊಂದು ಲೆಕ್ಕ. ಅವಳ ಆಸನದಿಂದ ಮೊಣಕೈಗೆ 18 ಸೆಂಟಿಮೀಟರ್. ಅಂದರೆ ಅವಳು 55ರಷ್ಟು ಎತ್ತರದಲ್ಲಿ ಕೂರಬೇಕು. ನಾವು ಕುರ್ಚಿಯ ಮೇಲೆ ದಿಂಬು ಇಟ್ಟು ಕೂರಿಸುತ್ತಿದ್ದೆವು. ದಿಂಬು ಅಮುಕಿಕೊಂಡು ಒಂದು ಕಡೆ ವಾಲುತ್ತಿತ್ತು, ಕಾಲು ಗಾಳಿಯಲ್ಲಿ ಜೋಲಾಡುತ್ತಿತ್ತು. ಪಾದಕ್ಕೆ ನೆಲ ಸಿಗದಿದ್ದರೆ ಕಾಲಿನ ಭಾರವೆಲ್ಲ ತೊಡೆಯ ಹಿಂಭಾಗಕ್ಕೆ ಬೀಳುತ್ತದೆ, ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿಯುತ್ತದೆ. ಅವಳು ಎದ್ದು ಓಡುತ್ತಿದ್ದುದು ಅದಕ್ಕೆ. ಇದು ತಿಳಿದ ದಿನ ನನಗೆ ನಿಜವಾಗಿಯೂ ಸಂಕಟವಾಯಿತು.

ಆ ವಾರವೇ ಅವಸರದಲ್ಲಿ ಒಂದು ಮಡಚುವ ಸ್ಟೂಲು ತರಿಸಿದೆ. ಕಾಲುಗಳು ಕತ್ತರಿಯ ಹಾಗೆ ಅಡ್ಡಡ್ಡ ಇರುವಂಥದು. ಅದರ ಎತ್ತರ ಮೂರು ತೂತುಗಳಲ್ಲಿ ಮಾತ್ರ ಬದಲಾಗುತ್ತಿತ್ತು, ನಮ್ಮಿಬ್ಬರಿಗೆ ಬೇಕಾದ ಎತ್ತರ ಆ ಮೂರರಲ್ಲಿ ಯಾವುದೂ ಅಲ್ಲ. ಎಡತುದಿಯ ಮಂದ್ರ ಸ್ವರಗಳಿಗೆ ಕೈ ಚಾಚಿದರೆ ಸ್ಟೂಲೂ ನನ್ನ ಜೊತೆಗೆ ವಾಲುತ್ತಿತ್ತು. 88 ಕೀಗಳ ಕೀಲಿಮಣೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 122 ಸೆಂಟಿಮೀಟರ್ ಅಗಲ. ಅಷ್ಟುದ್ದಕ್ಕೂ ಕೈ ಆಚೀಚೆ ಚಾಚಬೇಕು, ಕೂತ ಜಾಗ ಮಾತ್ರ ಕದಲಬಾರದು. ಎರಡನೇ ವಾರ ಅದನ್ನು ಮಡಚಿಟ್ಟೆ.

ಮುಂದಿನ ಶನಿವಾರ ಟೀಚರನ್ನೂ ಕರೆದುಕೊಂಡು ವಾದ್ಯಗಳ ಅಂಗಡಿಗೆ ಹೋದೆವು. ಇಡೀ ಮಧ್ಯಾಹ್ನ ಅಲ್ಲೇ ಕಳೆಯಿತು.

ಮಗಳ ಕಣ್ಣು ಮೊದಲು ಬಿದ್ದದ್ದು ದುಂಡನೆಯ ತಿರುಪಿನ ಸ್ಟೂಲಿನ ಮೇಲೆ. ಆಸನ ತಿರುಗಿಸಿದರೆ ನಡುವಿನ ಕಂಬ ಮೇಲೇರುತ್ತದೆ, ಇಳಿಯುತ್ತದೆ. ನೋಡಲು ಚೆಂದ, ಬೇಕಾದ ಎತ್ತರ ಕೂದಲೆಳೆಯಷ್ಟು ನಿಖರವಾಗಿ ಸಿಗುತ್ತದೆ. ಆದರೆ ನುಡಿಸುವಾಗಲೂ ಅದು ತಿರುಗುತ್ತದೆ. ಬಲಕ್ಕೆ ಚಾಚಿದರೆ ಸೊಂಟ ತಾನಾಗಿ ಅತ್ತ ಹೊರಳಿತು. ಆಮೇಲೆ ಮುಚ್ಚಳ ಎತ್ತಿದರೆ ಒಳಗೆ ಸಂಗೀತದ ಪುಸ್ತಕ ಇಡಲು ಜಾಗವಿದ್ದ ಬೆಂಚು. ಮಗಳಿಗೆ ಅದು ತುಂಬ ಹಿಡಿಸಿತು, ಆದರೆ ಅದರ ಎತ್ತರ ಬದಲಾಗದು. ಪುಸ್ತಕಕ್ಕೆ ಕಪಾಟಿದೆ ಎಂದು ಅವಳನ್ನು ಒಪ್ಪಿಸಬೇಕಾಯಿತು.

ಉಳಿದದ್ದು ಎರಡು ಬಗೆ. ಒಂದರಲ್ಲಿ ಪಕ್ಕದ ಸನ್ನೆ ಒತ್ತಿದರೆ ಸಿಲಿಂಡರಿನ ಬಲದಿಂದ ಆಸನ ಒಂದೇ ಉಸಿರಿಗೆ ಏರುತ್ತದೆ. ಒಬ್ಬರಾದ ಮೇಲೆ ಒಬ್ಬರು ನುಡಿಸುವ ವೇದಿಕೆಗೆ ಬಹಳ ಅನುಕೂಲ, ಬೆಲೆಯೂ ಹಾಗೆಯೇ. ಇನ್ನೊಂದರಲ್ಲಿ ಎರಡೂ ಪಕ್ಕಕ್ಕೆ ಮರದ ದುಂಡು ಹಿಡಿಗಳು. ಅವನ್ನು ತಿರುಗಿಸಿದರೆ ಆಸನದಡಿ ಕತ್ತರಿಯಂತೆ ಜೋಡಿಸಿದ ಕಬ್ಬಿಣದ ಪಟ್ಟಿಗಳು ತೆರೆದುಕೊಂಡು ಆಸನವನ್ನು ಎತ್ತುತ್ತವೆ. ಈ ಬಗೆಯವೇ ನಾಲ್ಕಿದ್ದವು. ನಾಲ್ಕೂ ಕಪ್ಪು, ನಾಲ್ಕಕ್ಕೂ ಗುಂಡಿ ಹೊಲಿದ ಆಸನ. ನನಗಂತೂ ಬೆಲೆಚೀಟಿ ಬಿಟ್ಟರೆ ವ್ಯತ್ಯಾಸ ಕಾಣಲಿಲ್ಲ.

ಟೀಚರ್ ಮೊದಲು ನಾಲ್ಕನ್ನೂ ಪೂರ್ತಿ ಮೇಲಕ್ಕೆ ಏರಿಸಿದರು. "ಕೆಳಗಿಳಿಸಿಟ್ಟಾಗ ಎಲ್ಲ ಸ್ಟೂಲೂ ಗಟ್ಟೀನೇ. ಏರಿಸಿದಾಗ ನೋಡಿ." ಆಸನದ ಎರಡು ಅಂಚು ಹಿಡಿದು ಹಿಂದೆ ಮುಂದೆ ಅಲುಗಿಸಿದರು. ಎರಡು ಸ್ಟೂಲುಗಳ ಆಸನ ಹಲ್ಲು ಸಡಿಲವಾದಂತೆ ಕಟಕಟ ಅಂದಿತು. ಅಲ್ಲಿಗೆ ಅವು ಹೋದವು.

ಉಳಿದೆರಡನ್ನು ಬೋರಲು ಹಾಕಿದೆವು. ಇದಕ್ಕೆ ಅಂಗಡಿಯವರು ಬೇಸರಪಡಲಿಲ್ಲ, ತಾವೇ ಕೈಜೋಡಿಸಿದರು. ಒಂದಕ್ಕೆ ಕಾಲಿಗೊಂದೇ ಬೋಲ್ಟು, ಅದೂ ಮರದ ಹುಡಿಯನ್ನು ಅಂಟಿಸಿ ಒತ್ತಿ ಮಾಡಿದ ಹಲಗೆಗೆ ಕೊರೆದದ್ದು. ಇನ್ನೊಂದರದು ಬೀಚ್ ಎಂಬ ಗಟ್ಟಿ ಮರ; ಪ್ರತಿ ಕಾಲಿಗೆ ಎರಡು ಬೋಲ್ಟು, ಮೂಲೆಗೆ ಅಡ್ಡಲಾಗಿ ಮರದ ತುಂಡು, ಕಬ್ಬಿಣದ ಚೌಕಟ್ಟು ದಪ್ಪ. ಎತ್ತಿದರೆ ತೂಕದಲ್ಲೇ ಗೊತ್ತಾಗುತ್ತಿತ್ತು. ಬೋಲ್ಟುಗಳು ಕಾಲಕ್ರಮೇಣ ಸಡಿಲವಾಗುವುದು ಸಹಜ, ಆಗಾಗ ಬಿಗಿ ಮಾಡುತ್ತಿರಬೇಕು. ಆದರೆ ಬಿಗಿ ಮಾಡಲು ಒಳಗೆ ಗಟ್ಟಿ ಮರ ಇರಬೇಕಲ್ಲ.

ಆಸನ ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ನಾನು ತಿಳಿದಿದ್ದೆ. ಪಿಯಾನೊ ನುಡಿಸುವವರು ಆಸನದ ಮುಂದಿನ ಅರ್ಧದಲ್ಲಿ ಕೂರುತ್ತಾರೆ, ಸ್ವಲ್ಪ ಭಾರ ಪಾದದ ಮೇಲಿರುತ್ತದೆ. ಫೋಮು ಮೆತ್ತಗಿದ್ದರೆ ಅಂಚು ಕುಸಿದು ಮೈ ಮುಂದಕ್ಕೆ ಜಾರುತ್ತದೆ, ಲೆಕ್ಕ ಹಾಕಿ ಇಟ್ಟ ಎತ್ತರವೂ ಹೋಗುತ್ತದೆ. ಬೀಚ್ ಮರದ ಸ್ಟೂಲಿನಲ್ಲಿ ಹೆಬ್ಬೆರಳು ಒತ್ತಿದರೆ ಕಷ್ಟಪಟ್ಟು ತಗ್ಗಿ ತಕ್ಷಣ ಮೇಲೇಳುತ್ತಿತ್ತು. ತೀರಾ ಅಂಚಿಗೆ ಕೂತು ಮುಂದಕ್ಕೆ ಬಾಗಿದೆ. ಹಿಂಗಾಲು ನೆಲ ಬಿಡಲಿಲ್ಲ. ಕೊನೆಗೆ ಟೀಚರ್ ಎಲ್ಲರಿಗೂ ಸುಮ್ಮನಿರಲು ಹೇಳಿ, ನನ್ನನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ವಾಲಿಸಿ, ಕಿವಿಗೊಟ್ಟು ಕೇಳಿದರು. ಕಿರ್ ಎನ್ನುವ ಸದ್ದೂ ಇಲ್ಲ.

ಆಗಲೇ ಅವರು ಗ್ಲೆನ್ ಗೌಲ್ಡ್ ವಿಷಯ ಹೇಳಿದ್ದು. ಕೆನಡಾದ ಈ ಪಿಯಾನೊ ವಾದಕರ ಕುರ್ಚಿಯನ್ನು ಅವರ ತಂದೆಯೇ ಕಾಲು ಕತ್ತರಿಸಿ, ಒಂದೊಂದು ಕಾಲಿನ ಎತ್ತರವನ್ನೂ ತಿದ್ದಲು ತಿರುಪು ಹಾಕಿ ಮಾಡಿಕೊಟ್ಟಿದ್ದರು. ನೆಲದಿಂದ 14 ಇಂಚು ಅಷ್ಟೇ. 1982ರಲ್ಲಿ ತೀರಿಕೊಳ್ಳುವವರೆಗೂ ಗೌಲ್ಡ್ ಅದನ್ನು ಬಿಡಲಿಲ್ಲ. ಆಸನ ಹರಿದು ಚೌಕಟ್ಟು ಮಾತ್ರ ಉಳಿದರೂ ಬಿಡಲಿಲ್ಲ. ಅದರ ಕಿರುಗುಟ್ಟುವಿಕೆ ಅವರ ಧ್ವನಿಮುದ್ರಣಗಳಲ್ಲೂ ಕೇಳುತ್ತದೆ. ರೊಮೇನಿಯಾದ ಪಿಯಾನೊ ವಾದಕ ರಾದು ಲೂಪು ಬೆನ್ನಿಗೆ ಆನಿಕೆ ಇರುವ ಸಾಧಾರಣ ಕುರ್ಚಿಯಲ್ಲೇ ಕೂತು ಕಛೇರಿ ಮಾಡುತ್ತಿದ್ದರು.

"ಹಾಗಾದ್ರೆ ಹೇಗೆ ಕೂರೋದು ಸರಿ?" ಮಗಳು ಕೇಳಿದಳು.

"ಕಲಿಯುವಾಗ ಶೋಪಾನ್ ಹೇಳಿದ್ದು ಕೇಳು ಪುಟ್ಟಿ," ಎಂದರು ಟೀಚರ್. ಹತ್ತೊಂಬತ್ತನೇ ಶತಮಾನದ ಪೋಲೆಂಡ್ ಮೂಲದ ಸಂಗೀತ ರಚನಕಾರ ಶೋಪಾನ್ ಪಿಯಾನೊ ಬೋಧನೆಗೆಂದು ಬರೆಯತೊಡಗಿ ಮುಗಿಸದೆ ಬಿಟ್ಟ ಟಿಪ್ಪಣಿಗಳಲ್ಲಿ ಈ ಮಾತಿದೆ: ಮೊಣಕೈ ಬಿಳಿ ಕೀಗಳ ಮಟ್ಟಕ್ಕಿರಬೇಕು, ಕೀಲಿಮಣೆಯ ಎರಡು ತುದಿಯೂ ಮೈ ವಾಲಿಸದೆ ಕೈಗೆ ಸಿಗುವಂತೆ ಕೂರಬೇಕು. ನಮ್ಮ ಮನೆಯಲ್ಲಿ ಟೇಪ್ ಹಿಡಿದು ಅಳೆದದ್ದು ಅದನ್ನೇ.

ಹೊದಿಕೆ ಆರಿಸುವ ಮಾತು ಬಂದಾಗ ಹೆಚ್ಚು ಯೋಚಿಸಲಿಲ್ಲ. ರೆಕ್ಸಿನ್ ಬೆವರಿಗೆ ಅಂಟುತ್ತದೆ, ವರ್ಷಗಳು ಕಳೆದಂತೆ ಸಿಪ್ಪೆ ಏಳುತ್ತದೆ. ನಾವು ವೆಲ್ವೆಟ್ ತೆಗೆದುಕೊಂಡೆವು. ಮಗಳ ಪಾದಕ್ಕೆ ಒಂದು ಗಟ್ಟಿ ಮಣೆಯನ್ನೂ ಕೊಂಡೆವು.

ಮನೆಗೆ ತಂದ ಸ್ಟೂಲು 47ರಿಂದ 57 ಸೆಂಟಿಮೀಟರ್‌ವರೆಗೆ ಏರುತ್ತದೆ. ನನ್ನದು 49, ಅವಳದು 55. ದಿನಕ್ಕೆ ಎರಡು ಸಲ ಹಿಡಿ ತಿರುಗಿಸುವುದು ಈಗ ಅವಳ ಕೆಲಸ. ಯಾರೂ ಕೂತಿರದಾಗಲೇ ತಿರುಗಿಸಬೇಕು, ಇಲ್ಲದಿದ್ದರೆ ತಿರುಪಿನ ಹಲ್ಲು ಸವೆಯುತ್ತದೆ ಎಂದು ಟೀಚರ್ ಹೇಳಿದ್ದನ್ನು ಅವಳು ನನಗಿಂತ ನಿಷ್ಠೆಯಿಂದ ಪಾಲಿಸುತ್ತಾಳೆ. ನಾನು ಮರೆತು ಕೂತರೆ, "ಏಳಮ್ಮ, ಏಳು" ಎಂದು ಎಬ್ಬಿಸುತ್ತಾಳೆ. ಮಣಿಕಟ್ಟಿನ ಉರಿ ಒಂದು ತಿಂಗಳಲ್ಲಿ ಇಳಿಯಿತು. ಅವಳು ಮುಕ್ಕಾಲು ಗಂಟೆ ಅಲುಗಾಡದೆ ಕೂತು ನುಡಿಸುವುದನ್ನು ಪಕ್ಕದ ಕೋಣೆಯಿಂದ ಕೇಳುತ್ತಾ ನಿಂತುಬಿಡುತ್ತೇನೆ.

ಮೊನ್ನೆ ಅವಳ ಸರದಿ. ಸುತ್ತುಗಳನ್ನು ಎಣಿಸುತ್ತಾ ಏರಿಸಿ ಕೂತಳು, ಕೈ ಕೀಗಳ ಮೇಲಿಟ್ಟು ನೋಡಿದಳು, ಮತ್ತೆ ಎದ್ದಳು. "ಅಮ್ಮಾ, ಇದು ಎತ್ತರ ಆಯ್ತು" ಎನ್ನುತ್ತಾ ಟೇಪ್ ತಂದಳು. ಆಸನದಿಂದ ಅವಳ ಮೊಣಕೈಗೆ ಈಗ 19. ಹಿಡಿಯನ್ನು ತಾನೇ ತುಸು ಹಿಂದಕ್ಕೆ ತಿರುಗಿಸಿ, 54ಕ್ಕೆ ನಿಲ್ಲಿಸಿ, ಸ್ಕೇಲ್ ಶುರು ಮಾಡಿದಳು.