ಕಾರ್ ಯಾಕೆ ತಗೊಂಡಿಲ್ಲ ಅಂತ ಕೇಳೋರಿಗೆ

"ಇಬ್ಬರೂ ದುಡೀತೀರಿ, ಒಂದು ಕಾರ್ ತಗೊಳ್ಳೋಕೆ ಏನಮ್ಮಾ ಕಷ್ಟ?"

ಮದುವೆ, ಮುಂಜಿ, ಆಫೀಸಿನ ಲಿಫ್ಟು, ಎಲ್ಲಿ ಹೋದರೂ ಇದೇ ಪ್ರಶ್ನೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕಷ್ಟ ಏನೂ ಇಲ್ಲ. ಬ್ಯಾಂಕಿನವರು ನಿಮಗಿಂತ ಜಾಸ್ತಿ ಒತ್ತಾಯ ಮಾಡುತ್ತಾರೆ. 8 ಲಕ್ಷ ಸಾಲ, ಶೇ 9 ಬಡ್ಡಿ, 7 ವರ್ಷ ಅಂದರೆ ತಿಂಗಳಿಗೆ ಸುಮಾರು 12,870 ರೂಪಾಯಿ ಕಂತು. ಸಾಲ ತೀರುವ ಹೊತ್ತಿಗೆ ಬಡ್ಡಿಯೇ 2.8 ಲಕ್ಷ. ಮೇಲೆ ಲೈಫ್ ಟ್ಯಾಕ್ಸು: 5ರಿಂದ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಬೆಲೆಯ ಶೇ 14, ಜೊತೆಗೆ ಸೆಸ್ಸು. ಇನ್ಶೂರೆನ್ಸು, ಸರ್ವಿಸ್ಸು, ಪೆಟ್ರೋಲು ನೀವೇ ಸೇರಿಸಿಕೊಳ್ಳಿ. ನಾನು ಬೆಂಗಳೂರಿನ ವಿಜಯನಗರದಿಂದ ವೈಟ್‌ಫೀಲ್ಡಿನ ಆಫೀಸಿಗೆ ಮೆಟ್ರೋದಲ್ಲಿ ಹೋಗಿ ಬರುತ್ತೇನೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ನಾನೂ ಬಾಯ್ತುಂಬ ಬೈದಿದ್ದೇನೆ. ಆದರೂ ತಿಂಗಳ ಖರ್ಚು ಆ ಕಂತಿನ ಮೂರನೇ ಒಂದು ಭಾಗಕ್ಕೂ ಬರುವುದಿಲ್ಲ.

ಇಷ್ಟು ಹೇಳಿದರೆ "ಓ, ಉಳಿತಾಯನಾ" ಅಂತ ಒಂಥರಾ ಕನಿಕರದ ಮುಖ. ಜಿಪುಣಿ ಅಲ್ಲ ಸ್ವಾಮಿ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಅಗ್ಗ ಅಂತ ನನಗೂ ಗೊತ್ತು. ಆದರೂ ಮನೆ ಮುಂದೆ ಬರುವ ತಳ್ಳುಗಾಡಿಯಲ್ಲೇ ಕೊಳ್ಳುತ್ತೇನೆ. ಹತ್ತು ರೂಪಾಯಿ ಉಳಿಸೋಕೆ ಅರ್ಧ ಭಾನುವಾರ ಕಳೆದರೆ ಅದೇ ದುಂದುವೆಚ್ಚ. ಅತ್ತೆಯನ್ನು ಮಂಡಿ ನೋವಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಟ್ಯಾಕ್ಸಿ. ಮಳೆ ಬಂದರೆ ಆಟೋ, ಎಷ್ಟು ಕೇಳಿದರೂ ಸರಿ. (ಸರಿ ಅಂದೆನಾ? ಸ್ವಲ್ಪ ಜಗಳ ಆಡಿಯೇ ಹತ್ತುತ್ತೇನೆ.)

ಬಸವನಗುಡಿಯಲ್ಲಿ ಒಂದು ಮುಂಜಿ ಇತ್ತು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ನಡೆದುಹೋಗುತ್ತೇನೆ ಅಂದರೆ ಚಿಕ್ಕಪ್ಪ ಕೇಳಲೇ ಇಲ್ಲ. "ರೇಷ್ಮೆ ಸೀರೆ ಉಟ್ಕೊಂಡು ಮೆಟ್ರೋದಲ್ಲಿ ಬರ್ತೀಯಾ? ನಾಚಿಕೆ ಆಗಲ್ವಾ?" ಅಂತ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅದೇ ಪ್ರಶ್ನೆ. ನನ್ನನ್ನೂ ಚಿಕ್ಕಮ್ಮನನ್ನೂ ಛತ್ರದ ಬಾಗಿಲಲ್ಲಿ ಇಳಿಸಿ, "ಪಾರ್ಕ್ ಮಾಡಿ ಬಂದೆ" ಅಂತ ಹೋದವರು ಮುಹೂರ್ತ ಮುಗಿದರೂ ಪತ್ತೆ ಇಲ್ಲ. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಬಂದು ಎರಡನೇ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂತರು. ಎಲೆ ತುದಿಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು. ಆಗ ಮೈಕಿನಲ್ಲಿ, "ಬಿಳಿ ಬಣ್ಣದ ಕಾರು ಪಕ್ಕದ ಮನೆಯವರ ಗೇಟಿಗೆ ಅಡ್ಡ ನಿಂತಿದೆ, ದಯವಿಟ್ಟು ತೆಗೆಯಬೇಕು." ಚಿಕ್ಕಪ್ಪ ಎಂಜಲು ಕೈಯಲ್ಲೇ ಎದ್ದು ಓಡಿದರು. ವಾಪಸ್ ಬರುವಷ್ಟರಲ್ಲಿ ಮಜ್ಜಿಗೆ ಬಡಿಸುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಚಿಕ್ಕಮ್ಮ ನನ್ನ ಪಾಲಿಗೂ ಸೇರಿಸಿ ಬೈದರು.

ಇರಲಿ. ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಯಾರೂ ಕೇಳುವುದಿಲ್ಲ. ಸಂಜೆ ಮನೆ ಸೇರಿದಾಗ ನಿನ್ನಲ್ಲಿ ಎಷ್ಟು ತ್ರಾಣ ಉಳಿದಿರುತ್ತೆ?

2023ರ ಅಕ್ಟೋಬರಿಗೆ ಮೊದಲು ನನ್ನ ದಾರಿಯಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ಮಧ್ಯೆ ಮೆಟ್ರೋ ಇರಲಿಲ್ಲ. ಇರೋದು ಎರಡೇ ಕಿಲೋಮೀಟರ್. ಅಷ್ಟಕ್ಕೆ ಇಳಿದು, ಫೀಡರ್ ಬಸ್ಸಿಗೆ ನುಗ್ಗಿ, ಮತ್ತೆ ಮೆಟ್ರೋ ಹತ್ತಬೇಕಿತ್ತು. ಮನೆಗೆ ಬಂದರೆ ಮಾತಾಡಲೂ ಬೇಜಾರು. ಮಗಳು ಏನೋ ತೋರಿಸಲು ಬಂದರೆ "ಆಮೇಲೆ". ಅಡುಗೆ ಮಾಡುವ ಮನಸ್ಸಿಲ್ಲದೆ ಫೋನಿನಲ್ಲಿ ಊಟ ತರಿಸುವುದು, ಅದು ಬರುವವರೆಗೆ ಅದೇ ಫೋನಿನಲ್ಲಿ ಬೇಡದ ಕುರ್ತಾ ಕೊಳ್ಳುವುದು. ನನ್ನ ದುಡ್ಡು ಪೋಲಾಗಿದ್ದೆಲ್ಲ ಸುಸ್ತಾದ ಸಂಜೆಗಳಲ್ಲೇ. ಕಾರಿದ್ದರೆ ಈ ಸುಸ್ತು ಇರುತ್ತಿರಲಿಲ್ಲ ಅನ್ನುತ್ತೀರಾ? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ 10 ಸೆಕೆಂಡು. ನನ್ನದು 30 ಕಿಲೋಮೀಟರ್ ಹತ್ತಿರ. ಅಷ್ಟು ಹೊತ್ತು ಕ್ಲಚ್ಚು, ಬ್ರೇಕು, ಹಾರ್ನು.

ಈಗ ವಾಪಸ್ ಬರುವಾಗ ವೈಟ್‌ಫೀಲ್ಡ್ ಕಡೆಯ ಮೊದಲ ಸ್ಟೇಷನ್ನಾದ ಕಾಡುಗೋಡಿಯಲ್ಲೇ ಹತ್ತುವುದರಿಂದ ಸೀಟು ಸಿಗುತ್ತದೆ. ಇಂದಿರಾನಗರ ಬರುವಷ್ಟರಲ್ಲಿ ನಿದ್ದೆ, ಮೆಜೆಸ್ಟಿಕ್ಕಿನ ನೂಕುನುಗ್ಗಲಿಗೆ ಎಚ್ಚರ. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಷ್ಟು, ಮಗಳ ಮಗ್ಗಿ ಕೇಳುವಷ್ಟು ತ್ರಾಣ ಇರುತ್ತದೆ.

ಹಾಗಂತ ಕಾರು ಮುಟ್ಟುವುದೇ ಇಲ್ಲ ಅಂತ ಶಪಥ ಏನೂ ಮಾಡಿಲ್ಲ. ನಾಳೆ ಆಫೀಸನ್ನು ಸರ್ಜಾಪುರ ರಸ್ತೆಗೆ ಸಾಗಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗು, ಅಲ್ಲಿಗೆ ಇನ್ನೂ ಮೆಟ್ರೋ ಇಲ್ಲ. ಆಗ ಒಂದು ಸೆಕೆಂಡ್ ಹ್ಯಾಂಡ್ ನೋಡುತ್ತೇನೆ. ಯಾವುದು ತಗೋಬೇಕು ಅಂತ ಮಾತ್ರ ದಯವಿಟ್ಟು ಯಾರೂ ಸಲಹೆ ಕೊಡಬೇಡಿ.