ಹೆಡ್ ಮಿಸ್ ಕೇಳಿದ ಬೀಗದ ಕೈ

ಪೀಣ್ಯದ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಮಗಳು ಅಲ್ಲೇ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ನಾನು ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳುವ ಸಮಿತಿ) ಸದಸ್ಯ, ಅಂದ್ರೆ ಹೆಸರಿಗೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಮ್ಮಲ್ಲೂ ಇದ್ದರು, ಪುಸ್ತಕದಲ್ಲಿ. ಸಭೆ ಇಡುತ್ತಿದ್ದದ್ದು ಕೆಲಸದ ದಿನ ಬೆಳಿಗ್ಗೆ 11ಕ್ಕೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಒಂದು ದಿನದ ಸಂಬಳ ಬಿಟ್ಟು ಎಲ್ಲಿಂದ ಬರಬೇಕು? ನಡಾವಳಿ ಪುಸ್ತಕ ನನ್ನ ಅಂಗಡಿಗೇ ಬರುತ್ತಿತ್ತು. ಗಿರಾಕಿಗೆ ಚಿಲ್ಲರೆ ಎಣಿಸುತ್ತಾ ಸಹಿ ಹಾಕಿ ಕಳಿಸುತ್ತಿದ್ದೆ.

ಹೋದ ವರ್ಷ ಹೊಸ ಹೆಡ್ ಮಿಸ್ ಬಂದರು. ಮೊದಲ ಸಭೆಯನ್ನೇ ಭಾನುವಾರ ಸಂಜೆ ಇಟ್ಟರು. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆ. ಭಾಷಣ ಇರಲಿಲ್ಲ. ಹಾಜರಿ ಪುಸ್ತಕ ಬಿಡಿಸಿಟ್ಟುಕೊಂಡು, ಆರು, ಏಳನೇ ಕ್ಲಾಸಿನ ಹೆಣ್ಣುಮಕ್ಕಳು ತಿಂಗಳಲ್ಲಿ ಮೂರು ನಾಲ್ಕು ದಿನ ಯಾಕೆ ಬರಲ್ಲ ಅಂತ ಕೇಳಿದರು. ಎಲ್ಲರೂ ನೆಲ ನೋಡಿದೆವು. ಕೊನೆಗೆ ಹಿಂದೆ ಕೂತಿದ್ದ ಒಬ್ಬ ತಾಯಿ, "ಟಾಯ್ಲೆಟ್ಟಿಗೆ ಬೀಗ ಹಾಕಿರ್ತಾರಲ್ಲಾ ಮೇಡಂ" ಅಂದರು. ಹಾಲು ಕುಡಿದರೆ ಹೋಗಬೇಕಾಗುತ್ತೆ ಅಂತ ಕ್ಷೀರಭಾಗ್ಯದ ಹಾಲನ್ನೂ ಹುಡುಗಿಯರು ಗಿಡಕ್ಕೆ ಸುರಿಯುತ್ತಾರಂತೆ. ಒಬ್ಬೊಬ್ಬರಿಗೆ 150 ಎಂಎಲ್ ಹಾಲು, ದಾಸವಾಳದ ಬುಡಕ್ಕೆ! ಮಗಳು ದಿನಾ ತಲೆನೋವು ಅಂತಿದ್ದಳು. ನಾನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆ. ಇವಳು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ ಅನ್ನೋದು ಗೊತ್ತಾಗಿದ್ದು ಆವತ್ತೇ.

"ಕೀ ಎಲ್ಲಿದೆ?" ಅಂದರು ಹೆಡ್ ಮಿಸ್. ಸ್ಟಾಫ್ ರೂಮಿನ ಮೊಳೆಯಲ್ಲಿ ನೇತಾಡುತ್ತಿತ್ತು. ತೆಗೆದುಬಿಟ್ಟರೆ ಗಲೀಜಾಗುತ್ತೆ ಅಂತ ಒಬ್ಬ ಮೇಷ್ಟ್ರು ಗೊಣಗಿದರು. ಅವರ ಮಾತೂ ಪೂರ್ತಿ ಸುಳ್ಳಲ್ಲ, ನೀರು ಬರೋದು ದಿನ ಬಿಟ್ಟು ದಿನ, ತೊಳೆಯೋಕೆ ಆಳಿಲ್ಲ. ಹೆಡ್ ಮಿಸ್ ವಾದಕ್ಕೆ ಇಳಿಯಲಿಲ್ಲ. ಸ್ಟಾಫ್ ಟಾಯ್ಲೆಟ್ಟಿನ ಕೀಯನ್ನೂ ತರಿಸಿ, ಎರಡನ್ನೂ ತಮ್ಮ ಬ್ಯಾಗಿಗೆ ಹಾಕಿಕೊಂಡು, "ನಾಳೆಯಿಂದ ನಾನೂ ಮಕ್ಕಳ ಟಾಯ್ಲೆಟ್ಟಿಗೇ ಹೋಗ್ತೀನಿ" ಅಂದರು.

ಒಂದು ವಾರದೊಳಗೆ ಟ್ಯಾಂಕ್ ಕ್ಲೀನ್ ಆಯ್ತು, ತೊಳೆಯೋಕೆ ಒಬ್ಬ ಅಮ್ಮ ಬರತೊಡಗಿದರು. ಅವರ ಸಂಬಳಕ್ಕೆ ನಾವೇ ತಿಂಗಳಿಗೆ ಐವತ್ತು ನೂರು ಹಾಕುತ್ತೇವೆ. ಸರ್ಕಾರಿ ಶಾಲೆಗೆ ನಾವ್ಯಾಕೆ ದುಡ್ಡು ಹಾಕಬೇಕು ಅನ್ನೋ ಸಿಟ್ಟು ನನಗಿನ್ನೂ ಇದೆ, ಅದನ್ನು ಸಭೆಯಲ್ಲೂ ಹೇಳಿದ್ದೇನೆ. ಹೆಡ್ ಮಿಸ್ ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿದರು. ಈ ಸಲ ಮಾತ್ರ ಓದಿ ಸಹಿ ಹಾಕಿದೆ.