ಯಾವ ದೇಶದ ಮಕ್ಕಳು ಹೆಚ್ಚು ಖುಷಿಯಾಗಿದ್ದಾರೆ? ರ‍್ಯಾಂಕ್ ಪಟ್ಟಿ ನಂಬುವ ಮುನ್ನ

ಮಕ್ಕಳ ಕ್ಷೇಮದ ಸಮೀಕ್ಷೆಗಳ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ನೇರವಾಗಿ ಹೇಳುವುದಾದರೆ, ದೇಶಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವಷ್ಟು ಗಟ್ಟಿಯಾದ ಅಳತೆಗೋಲು ಸದ್ಯಕ್ಕಿಲ್ಲ. ಒಂದು ದೇಶದೊಳಗೆ ಯಾವ ಮಕ್ಕಳು ಹಿಂದೆ ಬಿದ್ದಿದ್ದಾರೆ ಎಂಬುದನ್ನು ಮಾತ್ರ ಅದೇ ಅಂಕಗಳಿಂದ ಸಾಕಷ್ಟು ಧೈರ್ಯವಾಗಿ ಹೇಳಬಹುದು.

ಅಳೆಯುವುದು ಮಕ್ಕಳನ್ನೇ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ ಎಚ್‌ಬಿಎಸ್‌ಸಿ (ಶಾಲಾ ಮಕ್ಕಳ ಆರೋಗ್ಯ ಮತ್ತು ನಡವಳಿಕೆಯ) ಸಮೀಕ್ಷೆ 11, 13, 15ರ ಹರೆಯದವರಿಗೆ ಏಣಿಯ ಚಿತ್ರ ಕೊಡುತ್ತದೆ: ತುದಿಯ 10 ಎಂದರೆ ನಿನಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದ 0 ಎಂದರೆ ತೀರಾ ಕೆಟ್ಟದ್ದು, ನೀನು ಎಲ್ಲಿದ್ದೀಯ? ಚಿಲ್ಡ್ರನ್ಸ್ ವರ್ಲ್ಡ್ಸ್ ಸಮೀಕ್ಷೆ 8, 10, 12ರ ಮಕ್ಕಳದ್ದು. 2016–19ರ ಮೂರನೇ ಸುತ್ತಿನಲ್ಲಿ 35 ದೇಶಗಳ 1,28,000ಕ್ಕೂ ಹೆಚ್ಚು ಮಕ್ಕಳು ಉತ್ತರಿಸಿದರು. ಇಲ್ಲಿ 10, 12ರವರಿಗೆ 0ರಿಂದ 10ರ ಅಂಕ, ಎಂಟರವರಿಗೆ ಐದು ಮುಖಗಳ ಚಿತ್ರ. ಹಾಗಾಗಿ ಎಂಟರವರ ಸರಾಸರಿಯನ್ನು ಹತ್ತರವರ ಪಕ್ಕದಲ್ಲಿಟ್ಟು ನೋಡುವಂತಿಲ್ಲ.

ಒಂದೇ ಪ್ರಶ್ನೆಯ ಉತ್ತರ ಬೇಗ ಅಲುಗಾಡುತ್ತದೆ ಎಂದು 'ನನ್ನ ಬದುಕು ಚೆನ್ನಾಗಿ ನಡೆಯುತ್ತಿದೆ' ಎನ್ನುವಂಥ ಐದಾರು ವಾಕ್ಯಗಳನ್ನು ಕೊಟ್ಟು ಅಂಕ ಕೂಡಿಸುತ್ತಾರೆ. 'ನನ್ನ ಬದುಕು ಬೇರೆ ಥರ ಇರಬೇಕಿತ್ತು' ಎಂಬಂಥ ತಿರುಗುಮುರುಗು ವಾಕ್ಯಗಳನ್ನು ಸೇರಿಸಬೇಡಿ. ಚಿಕ್ಕ ಮಕ್ಕಳು ಅಂಕದ ದಿಕ್ಕು ತಪ್ಪುತ್ತಾರೆ. ಅವು ಉಳಿದ ವಾಕ್ಯಗಳ ಜೊತೆ ಕೂಡದೆ ಬೇರೆಯೇ ಗುಂಪಾಗಿ ನಿಲ್ಲುತ್ತವೆ. ಅನುವಾದವಾದ ಮೇಲೆ ಪ್ರತಿ ಭಾಷೆಯಲ್ಲೂ ಹತ್ತಾರು ಮಕ್ಕಳನ್ನು ಕೂರಿಸಿಕೊಂಡು, 'ಇದನ್ನು ಓದಿದಾಗ ನಿನಗೆ ಏನು ಅರ್ಥವಾಯಿತು?' ಎಂದು ಕೇಳಲೇಬೇಕು. ಉತ್ತರ ಬರೆಯುವಾಗ ಟೀಚರ್ ಬೆಂಚುಗಳ ನಡುವೆ ಓಡಾಡಬಾರದು. ಓಡಾಡಿದರೆ ಶಾಲೆಯ ಬಗೆಗಿನ ಅಂಕಗಳು ಸುಮ್ಮನೆ ಏರುತ್ತವೆ.

ಅಸಲಿ ತೊಡಕು ಇರುವುದು ಅಂಕಗಳನ್ನು ಹೋಲಿಸುವಲ್ಲಿ. ಅದಕ್ಕೆ ಮೂರು ಹಂತದ ಪರೀಕ್ಷೆಯಿದೆ. ಹೋಲಿಸುವ ಎರಡೂ ದೇಶಗಳಲ್ಲಿ ಆ ವಾಕ್ಯಗಳು ಒಂದೇ ಗುಂಪಾಗಿ ನಿಲ್ಲುತ್ತವೆಯೇ ಎಂಬುದು ಮೊದಲನೆಯದು. ಒಳಗಿನ ತೃಪ್ತಿ ಒಂದು ಮೆಟ್ಟಿಲು ಏರಿದಾಗ ಪ್ರತಿ ವಾಕ್ಯದ ಅಂಕವೂ ಎರಡೂ ಕಡೆ ಅಷ್ಟೇ ಏರುತ್ತದೆಯೇ ಎಂಬುದು ಎರಡನೆಯದು. ಇದು ಪಾಸಾದರೆ 'ಬೆದರಿಕೆಗೆ ಒಳಗಾದ ಮಗುವಿನ ತೃಪ್ತಿ ಎಷ್ಟು ಕುಸಿಯುತ್ತದೆ' ಎಂಬಂಥ ಸಂಬಂಧಗಳನ್ನು ದೇಶದಿಂದ ದೇಶಕ್ಕೆ ಹೋಲಿಸಬಹುದು. ಸರಾಸರಿ ಹೋಲಿಸಲು ಮೂರನೆಯದೂ ಬೇಕು: ಒಳಗಿನ ತೃಪ್ತಿ ಸಮನಾಗಿರುವ ಇಬ್ಬರು ಮಕ್ಕಳು, ಯಾವ ದೇಶದವರೇ ಆಗಲಿ, ಅದೇ ವಾಕ್ಯಕ್ಕೆ ಅದೇ ಅಂಕ ಕೊಡಬೇಕು. ಒಂದೊಂದು ಹಂತಕ್ಕೂ ಸಿಎಫ್‌ಐ (ಪರೀಕ್ಷೆಯ ಲೆಕ್ಕ ಮಕ್ಕಳ ಉತ್ತರಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ, 1 ಎಂದರೆ ಪೂರ್ತಿ ಹೊಂದಿಕೆ ಎನ್ನುವ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಇಳಿಯಬಾರದು ಎಂಬುದು ರೂಢಿಯ ಮಿತಿ. ಹಲವು ದೇಶಗಳನ್ನು ಒಟ್ಟಿಗಿಟ್ಟಾಗ ಎರಡನೆಯದು ಸಾಮಾನ್ಯವಾಗಿ ಪಾಸಾಗುತ್ತದೆ, ಮೂರನೆಯದರಲ್ಲಿ ಎಡವುತ್ತದೆ.

ಎಡವಿದರೆ ಏನಾಗುತ್ತದೆ? 'ನನ್ನ ಬದುಕಿನಲ್ಲಿ ನಡೆಯುವುದೆಲ್ಲ ಅತ್ಯುತ್ತಮ' ಎಂಬ ವಾಕ್ಯ ನೋಡಿ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಬೆಳೆಸುವ ಕಡೆ ತೃಪ್ತ ಮಗುವೂ ಇದಕ್ಕೆ ಒಂದು ಅಂಕ ಕಡಿಮೆ ಕೊಟ್ಟೀತು. ಐದು ವಾಕ್ಯಗಳ 50 ಅಂಕವನ್ನು 100ಕ್ಕೆ ಹಿಗ್ಗಿಸಿದರೆ ಆ ಒಂದು ಅಂಕ ಎರಡಾಗುತ್ತದೆ. ಮಕ್ಕಳ ಬದುಕಿನಲ್ಲಿ ಏನೂ ಬದಲಾಗದೆ ದೇಶ ಪಟ್ಟಿಯಲ್ಲಿ ಕೆಳಗಿಳಿಯಿತು! ಅಂಥ ಒಂದೆರಡು ವಾಕ್ಯಗಳಿಗೆ ಮೂರನೇ ಪರೀಕ್ಷೆಯಿಂದ ವಿನಾಯಿತಿ ಕೊಟ್ಟು ಉಳಿದವುಗಳ ಮೇಲೆ ಹೋಲಿಸುವ ದಾರಿಯಿದೆ. ಆದರೆ ಅರ್ಧಕ್ಕರ್ಧ ವಾಕ್ಯಗಳಿಗೆ ವಿನಾಯಿತಿ ಬೇಕಾಯಿತೆಂದರೆ ಸರಾಸರಿಯ ಆಸೆ ಬಿಡುವುದೇ ಲೇಸು.

ಮಾದರಿ ಆಯ್ಕೆಯ ಲೆಕ್ಕವನ್ನೂ ಜನ ಮರೆಯುತ್ತಾರೆ. 1,000 ಮಕ್ಕಳು ಎಂದರೆ ಸಾಮಾನ್ಯವಾಗಿ 25 ಮಕ್ಕಳ 40 ತರಗತಿಗಳು, ಮತ್ತು ಒಂದೇ ತರಗತಿಯವರ ಉತ್ತರಗಳು ತುಸು ಹೋಲುತ್ತವೆ. ಆ ಹೋಲಿಕೆ (0 ಎಂದರೆ ಇಲ್ಲವೇ ಇಲ್ಲ, 1 ಎಂದರೆ ಪೂರ್ತಿ) 0.05 ಎಂದಿಟ್ಟುಕೊಂಡರೂ 1 + 24 × 0.05 = 2.2. ಸಾವಿರವನ್ನು ಇದರಿಂದ ಭಾಗಿಸಬೇಕು, ಅಂದರೆ ನಿಮ್ಮ ಸಾವಿರ ಸುಮಾರು 455ರಷ್ಟೇ ಕೆಲಸ ಮಾಡುತ್ತದೆ. ಅಂಕಗಳ ಪ್ರಮಾಣ ವಿಚಲನೆ (ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2 ಆದರೆ, 0–10ರ ಅಳತೆಯಲ್ಲಿ ಎರಡು ದೇಶಗಳ ನಡುವೆ 0.26ಕ್ಕಿಂತ ಕಡಿಮೆ ಅಂತರ ಬರೀ ಆಕಸ್ಮಿಕವೂ ಆಗಿರಬಹುದು. 8.7 ಮತ್ತು 8.5ರ ನಡುವೆ ಗೆದ್ದವರು ಸೋತವರು ಎಂದು ಬರೆಯುವುದು ವ್ಯರ್ಥ ಶ್ರಮ.

ಮಕ್ಕಳು 10ಕ್ಕೆ ಧಾರಾಳವಾಗಿ ಗುರುತು ಹಾಕುವುದರಿಂದ ಅಂಕಗಳು ಮೇಲ್ತುದಿಗೆ ಒತ್ತಿಕೊಂಡಿರುತ್ತವೆ. ಎಲ್ಲಕ್ಕೂ 10 ಕೊಟ್ಟ ಹಾಳೆಯನ್ನು ಕಣ್ಣುಮುಚ್ಚಿ ಎಸೆಯಬೇಡಿ. ಅದು ನಿಜವೂ ಇರಬಹುದು. ಸರಾಸರಿಗಿಂತ, 5ಕ್ಕಿಂತ ಕೆಳಗಿರುವವರು ನೂರಕ್ಕೆ ಎಷ್ಟು, ಅವರು ಯಾರು ಎಂದು ನೋಡಿ: ಹುಡುಗಿಯರೇ, ಹೆಚ್ಚು ವಯಸ್ಸಿನವರೇ, ಮನೆಯವರು ತಮ್ಮ ಮಾತು ಕೇಳುವುದಿಲ್ಲ ಎಂದವರೇ? ಆ 5ರ ಗೆರೆಯನ್ನೂ ದೇಶದಿಂದ ದೇಶಕ್ಕೆ ಒಯ್ಯಬೇಡಿ, ಒಂದೇ ದೇಶದ ಗುಂಪುಗಳ ನಡುವೆ ಬಳಸಿ. ಕುಟುಂಬ, ಗೆಳೆಯರು, ಶಾಲೆ, ತಾನು, ವಾಸದ ಜಾಗ ಎಂದು ಬಿಡಿಸಿ ಕೇಳಿದ ಅಂಕಗಳಿದ್ದರೆ ಯಾವುದರಲ್ಲಿ ಕೊರತೆ ಎಂಬುದೂ ಸಿಗುತ್ತದೆ.

ಇವೆಲ್ಲ ಸಮೀಕ್ಷೆಯ ದಿನ ತರಗತಿಯಲ್ಲಿದ್ದವರ ಅಂಕಗಳು. ಶಾಲೆ ಬಿಟ್ಟವರು, ದುಡಿಯುತ್ತಿರುವವರು, ಕಾಯಿಲೆಯಿಂದ ಮನೆಯಲ್ಲುಳಿದವರು ಅದರಲ್ಲಿಲ್ಲ. ಹೆಚ್ಚು ಮಕ್ಕಳು ಶಾಲೆಯ ಹೊರಗಿರುವ ದೇಶದ ಸರಾಸರಿ ಚೆಂದ ಕಂಡರೆ ಮೊದಲು ದಾಖಲಾತಿ ಮತ್ತು ಹಾಜರಾತಿಯ ಅಂಕಿಅಂಶ ತೆಗೆದು ನೋಡಿ.